ಮಂಜುಗಡ್ಡೆಯ ವಯಸ್ಸು ಹೇಳೋಕೆ ಪರಮಾಣು ಎಣಿಸಿದ್ದು: ನನ್ನ ಅನುಭವ

ಕೆಲವು ವರ್ಷ ನಾನು ಜರ್ಮನಿಯ ಒಂದು ಲ್ಯಾಬ್‌ನಲ್ಲಿ ಹಿಮನದಿಯ ಐಸು, ಬಾವಿ ನೀರು, ಸಮುದ್ರದ ನೀರು ಇವುಗಳ ವಯಸ್ಸು ಅಳೆಯುವ ಕೆಲಸ ಮಾಡಿದ್ದೇನೆ. ಲೇಸರ್ ಬಳಸಿ ಅಳೀತೀವಿ ಅಂದ ತಕ್ಷಣ ಜನ ಐಸಿನ ಮೇಲೆ ಲೇಸರ್ ಬಿಡ್ತೀವಿ ಅಂದುಕೊಳ್ಳುತ್ತಾರೆ. ಲೇಸರ್ ಹತ್ತಿರ ಐಸು ಬರುವುದೇ ಇಲ್ಲ. ಬರುವುದು ಐಸಿನೊಳಗೆ ಸಿಕ್ಕಿಕೊಂಡಿರುವ ಗಾಳಿ, ಅದರಲ್ಲೂ ಬರೀ ಆರ್ಗಾನ್. ಗಾಳಿಯಲ್ಲಿ ಆರ್ಗಾನ್ ಒಂದು ಪರ್ಸೆಂಟಿಗಿಂತ ಸ್ವಲ್ಪ ಕಡಿಮೆ ಇರುತ್ತದೆ.

ನಮಗೆ ಬೇಕಾದದ್ದು ಆರ್ಗಾನ್-39, ಅಂದರೆ ತಾನಾಗೇ ಒಡೆಯುತ್ತಾ ಹೋಗುವ ವಿಕಿರಣಶೀಲ ಆರ್ಗಾನ್. ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಇದು ಹುಟ್ಟುತ್ತದೆ, ಸುಮಾರು 268 ವರ್ಷಕ್ಕೆ ಅರ್ಧ ಆಗುತ್ತದೆ. ನೀರು ನೆಲದೊಳಗೆ ಇಳಿದ ಮೇಲೆ, ಅಥವಾ ಹಿಮ ಗಟ್ಟಿಯಾಗಿ ಗಾಳಿಗುಳ್ಳೆಗಳ ಬಾಯಿ ಮುಚ್ಚಿದ ಮೇಲೆ, ಹೊಸ ಆರ್ಗಾನ್ ಒಳಗೆ ಬರುವುದಿಲ್ಲ. ಎಷ್ಟು ಉಳಿದಿದೆ ನೋಡಿದರೆ ವಯಸ್ಸು ಗೊತ್ತಾಗುತ್ತದೆ. ಇಂಗಾಲ-14ರ ಲೆಕ್ಕವೇ, ಆದರೆ ಐಸಿನಲ್ಲಿ ಇಂಗಾಲ ತೀರಾ ಕಡಿಮೆ, ನೆಲದಡಿ ನೀರಲ್ಲಿ ಸುಣ್ಣಕಲ್ಲಿನ ಇಂಗಾಲ ಬೆರೆತು ಗೊಂದಲ ಮಾಡುತ್ತದೆ. ಆರ್ಗಾನ್ ಯಾವುದರ ಜೊತೆಗೂ ಸೇರದ ಅನಿಲ, ಈ ತಕರಾರು ಇಲ್ಲ. ಐವತ್ತರಿಂದ ಸಾವಿರ, ಸಾವಿರದ ಐನೂರು ವರ್ಷದವರೆಗಿನ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಸಿಗುವುದು ಕಷ್ಟ.

ತೊಂದರೆ ಏನೆಂದರೆ ಅದು ಇರುವ ಪ್ರಮಾಣ. ಈಗಿನ ಗಾಳಿಯಲ್ಲೂ ಸಾವಿರ ಲಕ್ಷ ಕೋಟಿ ಆರ್ಗಾನ್ ಪರಮಾಣುಗಳಿಗೆ ಒಂದು ಕೂಡ ಪೂರ್ತಿ ಬರುವುದಿಲ್ಲ. ಒಂದು ಕೆಜಿ ಹೊಸ ಐಸಿನಲ್ಲಿ ಒಂದು ಮಿಲಿಲೀಟರ್‌ನಷ್ಟು ಆರ್ಗಾನ್, ಅದರಲ್ಲಿ ಸುಮಾರು 20,000 ಆರ್ಗಾನ್-39. ಅವು ತಾವಾಗಿ ಒಡೆಯಲಿ ಅಂತ ಕಾಯ್ತೀರಾ? ವಾರಕ್ಕೆ ಒಂದು ಒಡೆಯುತ್ತದೆ. ಅದಕ್ಕೇ ಹಿಂದೆ ಸ್ವಿಟ್ಜರ್ಲೆಂಡ್‌ನ ಬರ್ನ್‌ನಲ್ಲಿ, ನೆಲದಡಿಯ ಲ್ಯಾಬ್‌ನಲ್ಲಿ ವಿಕಿರಣ ಎಣಿಸುತ್ತಿದ್ದಾಗ ಒಂದೊಂದು ಸ್ಯಾಂಪಲ್‌ಗೂ ಸಾವಿರ ಲೀಟರ್‌ಗಟ್ಟಲೆ ನೀರು ಬೇಕಿತ್ತು. ಹಿಮನದಿಯಿಂದ ಟನ್‌ಗಟ್ಟಲೆ ಐಸು ಯಾರು ಹೊತ್ತು ತರುತ್ತಾರೆ?

ಒಡೆಯುವವರೆಗೆ ಕಾಯದೆ ಪರಮಾಣುವನ್ನೇ ಹಿಡಿದು ಎಣಿಸುವ ದಾರಿಯನ್ನು 1999ರಲ್ಲಿ ಅಮೆರಿಕದ ಆರ್ಗಾನ್ ನ್ಯಾಷನಲ್ ಲ್ಯಾಬೊರೇಟರಿಯಲ್ಲಿ ಝೆಂಗ್-ಟಿಯಾನ್ ಲು ಅವರ ತಂಡ ಆರ್ಗಾನ್‌ನಂಥದೇ ಇನ್ನೊಂದು ಅನಿಲ ಕ್ರಿಪ್ಟಾನ್ ಮೇಲೆ ಮಾಡಿ ತೋರಿಸಿತು. ಲ್ಯಾಬ್ ಹೆಸರಿಗೂ ಆರ್ಗಾನ್ ಅನಿಲಕ್ಕೂ ಸಂಬಂಧ ಇಲ್ಲ, ಸುಮ್ನೆ ಕಾಕತಾಳೀಯ. ಆಮೇಲೆ ಹೈಡಲ್‌ಬರ್ಗ್‌ನವರು ಆರ್ಗಾನ್-39 ಹಿಡಿದು 2014ರಲ್ಲಿ ಅಂತರ್ಜಲದ ವಯಸ್ಸು, 2019ರಲ್ಲಿ ಆಲ್ಪ್ಸ್ ಹಿಮನದಿ ಐಸಿನ ವಯಸ್ಸು ಪ್ರಕಟಿಸಿದರು. ಚೀನಾದ ಹೆಫೇಯಲ್ಲೂ ದೊಡ್ಡ ಲ್ಯಾಬ್ ಇದೆ.

ಈಗ ಕೆಲಸಕ್ಕೆ ಬರೋಣ. ಹಿಮನದಿಯೊಳಗೆ ಕೊರೆದ ಸುರಂಗದಲ್ಲಿ ಚೈನ್ ಗರಗಸದಿಂದ ಕೆಲವು ಕೆಜಿಯ ಗಡ್ಡೆ ಕತ್ತರಿಸುತ್ತಿದ್ದೆವು. ನೋಡಬೇಕಾದದ್ದು ಗಡ್ಡೆಯ ಬಣ್ಣ. ಗುಳ್ಳೆ ತುಂಬಿದ ಬೆಳ್ಳಗಿನ ಐಸು ಬೇಕು. ಗಾಜಿನ ಹಾಗೆ ತಿಳಿಯಾಗಿದ್ದರೆ ಅದು ಕರಗಿ ಮತ್ತೆ ಹೆಪ್ಪುಗಟ್ಟಿದ್ದಿರಬಹುದು, ಅದರಲ್ಲಿ ಗಾಳಿಯೂ ಕಡಿಮೆ, ಇರುವ ಗಾಳಿ ಯಾವ ಕಾಲದ್ದು ಅನ್ನುವ ಭರವಸೆಯೂ ಇಲ್ಲ. ಬಿರುಕು ಇದ್ದರೆ ಬಿಟ್ಟುಬಿಡಿ.

ಲ್ಯಾಬ್‌ಗೆ ಬಂದ ಮೇಲೆ ಹೊರಪದರ ಹೆರೆದು, ಐಸನ್ನು ಸ್ಟೀಲ್ ಪಾತ್ರೆಗೆ ಹಾಕಿ, ಮುಚ್ಚಳ ಬಿಗಿದು, ಸುತ್ತ ಇರುವ ಗಾಳಿಯನ್ನು ಪಂಪಿನಿಂದ ಎಳೆಯುತ್ತೇವೆ. ಇನ್ನೂ ಕರಗಬಾರದು. ಗಾಳಿ ಪೂರ್ತಿ ಹೋದ ಮೇಲೆ ಕರಗಿಸಿದರೆ ಹಳೆಯ ಗುಳ್ಳೆಗಳು ಒಡೆದು ಆ ಕಾಲದ ಗಾಳಿ ಹೊರಬರುತ್ತದೆ. ನೀರಾವಿಯನ್ನು ತಣ್ಣನೆಯ ಕೊಳವೆಯಲ್ಲಿ ಹಿಡಿದು, ಉಳಿದದ್ದನ್ನು ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿದ ಇದ್ದಿಲಿನ ಮೇಲೆ ಕೂಡಿಹಾಕುತ್ತೇವೆ. ಆಮೇಲೆ ಕೆಂಪಗೆ ಕಾದ ಟೈಟಾನಿಯಂ ಮೇಲೆ ಹಾಯಿಸಿದರೆ ಅದು ಆಮ್ಲಜನಕ, ಸಾರಜನಕ ಎಲ್ಲ ನುಂಗುತ್ತದೆ, ಆರ್ಗಾನನ್ನು ಮುಟ್ಟುವುದಿಲ್ಲ.

ನನ್ನ ಅರ್ಧಕ್ಕಿಂತ ಜಾಸ್ತಿ ಸಮಯ ಹೋಗಿದ್ದು ಇಲ್ಲೇ, ಲೀಕ್ ಹುಡುಕುವುದರಲ್ಲಿ. ಒಂದು ಲೆಕ್ಕ ನೋಡಿ. ಸಾವಿರ ವರ್ಷದ ಐಸಿನಲ್ಲಿ ಆರ್ಗಾನ್-39 ಉಳಿದಿರುವುದು ಏಳೂವರೆ ಪರ್ಸೆಂಟ್. ಅದಕ್ಕೆ ಎಲ್ಲೋ ಒಂದು ಸಡಿಲ ವಾಲ್ವ್‌ನಿಂದ ಹತ್ತು ಪರ್ಸೆಂಟ್ ಈಗಿನ ಆರ್ಗಾನ್ ಸೇರಿದರೆ ಲೆಕ್ಕ ಹದಿನೇಳಕ್ಕೆ ಏರುತ್ತದೆ, ವಯಸ್ಸು 700 ವರ್ಷ ಅಂತ ಬರುತ್ತದೆ. ಮುನ್ನೂರು ವರ್ಷ ಮಾಯ! ಅತ್ತ ಲೇಸರ್ ತನ್ನ ಕೆಲಸ ಚೆನ್ನಾಗೇ ಮಾಡಿರುತ್ತದೆ.

ಲೇಸರ್ ಬಗ್ಗೆ ನನಗೆ ದೂರು ಇಲ್ಲ ಅನ್ನೋದಕ್ಕೆ ಕಾರಣ ಇದೆ. ಆರ್ಗಾನ್ ಪರಮಾಣು ಸಹಜ ಸ್ಥಿತಿಯಲ್ಲಿ ನಮ್ಮ ಲೇಸರ್‌ಗೆ ಸೊಪ್ಪು ಹಾಕುವುದಿಲ್ಲ. ಅದಕ್ಕೆ ತೀರಾ ಚಿಕ್ಕ ಅಲೆಯ ಅತಿನೇರಳೆ ಬೆಳಕು ಬೇಕು, ಅಂಥ ಲೇಸರ್ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ರೇಡಿಯೋ ತರಂಗದಿಂದ ಅನಿಲವನ್ನು ಹೊತ್ತಿಸಿ, ಕೆಲವು ಪರಮಾಣುಗಳನ್ನು ಹತ್ತಾರು ಸೆಕೆಂಡ್ ಬಾಳುವ ಮೇಲಿನ ಮಟ್ಟಕ್ಕೆ ಎತ್ತುತ್ತೇವೆ. ಅಲ್ಲಿಂದ 812 ನ್ಯಾನೋಮೀಟರ್ ಲೇಸರ್ ಕೆಲಸ ಮಾಡುತ್ತದೆ. ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಬರುವ ಪರಮಾಣುವನ್ನು ಎದುರಿನಿಂದ ಬೆಳಕಿನ ಕಣಗಳು ಹೊಡೆದು ನಿಲ್ಲಿಸಬೇಕು, ಒಂದನ್ನು ನಿಲ್ಲಿಸಲು ಇಪ್ಪತ್ತು ಸಾವಿರದಷ್ಟು ಹೊಡೆತ ಬೇಕು. ಮಾಮೂಲಿ ಆರ್ಗಾನ್ ಆದ ಆರ್ಗಾನ್-40ಕ್ಕೂ 39ಕ್ಕೂ ಬೇಕಾದ ಬೆಳಕಿನ ಬಣ್ಣ ಕೂದಲೆಳೆಯಷ್ಟು ಬೇರೆ. ಆ ಸಣ್ಣ ವ್ಯತ್ಯಾಸ ಒಂದು ಸಲ ತಪ್ಪಬಹುದು, ಇಪ್ಪತ್ತು ಸಾವಿರ ಸಲವೂ ತಪ್ಪುವುದಿಲ್ಲ ಅಲ್ವಾ? ಹಾಗಾಗಿ ಕೊನೆಗೆ ಕಾಂತಕ್ಷೇತ್ರ, ಆರು ಕಡೆಯ ಲೇಸರ್ ನಡುವಿನ ಬಲೆಯಲ್ಲಿ ನಿಂತು ಮಿನುಗುವುದು ಆರ್ಗಾನ್-39 ಮಾತ್ರ. ಒಂದೇ ಪರಮಾಣು ಬಿದ್ದರೂ ಕ್ಯಾಮೆರಾ ಸಿಗ್ನಲ್ ಮೆಟ್ಟಿಲಿನಂತೆ ಏರುತ್ತದೆ, ಬಿಟ್ಟುಹೋದಾಗ ಇಳಿಯುತ್ತದೆ.

ಮೊದಮೊದಲು ಸ್ಕ್ರೀನ್ ಮುಂದೆ ಕೂತು ಕಾಯುತ್ತಿದ್ದೆ. ಹೊಸ ಗಾಳಿಯ ಆರ್ಗಾನ್ ಹಾಕಿದರೆ ಗಂಟೆಗೆ ಕೆಲವು ಬೀಳುತ್ತವೆ. ಸಾವಿರ ವರ್ಷದ್ದಾದರೆ ಗಂಟೆಗಟ್ಟಲೆ ಒಂದೂ ಇಲ್ಲ. ಮಷೀನ್ ಕೆಟ್ಟಿದೆಯೋ ಐಸು ಹಳೆಯದೋ ಹೇಗೆ ಗೊತ್ತಾಗಬೇಕು? ಅದಕ್ಕೇ ಆಗಾಗ ಆರ್ಗಾನ್-39 ಜಾಸ್ತಿ ಬೆರೆಸಿದ ಅನಿಲ ಹಾಕಿ ಲೇಸರ್‌ಗಳನ್ನು ಪರೀಕ್ಷಿಸುವುದು, ಸ್ಯಾಂಪಲ್‌ಗಳ ಮಧ್ಯೆ ಈಗಿನ ಗಾಳಿಯನ್ನೂ ಅಳೆದು ಹೋಲಿಸುವುದು.

ಇನ್ನೊಂದು ಕಾಟ: ರೇಡಿಯೋ ತರಂಗದಿಂದ ಹೊತ್ತಿಸುವಾಗ ಕೆಲವು ಪರಮಾಣುಗಳು ಚೇಂಬರಿನ ಗೋಡೆಯೊಳಗೆ ನುಗ್ಗಿ ಕೂರುತ್ತವೆ. ಮುಂದಿನ ಸ್ಯಾಂಪಲ್ ಹಾಕಿದಾಗ ಮೆಲ್ಲಗೆ ಹೊರಬರುತ್ತವೆ. ಹೊಸ ಗಾಳಿ ಅಳೆದ ಮೇಲೆ ಹಳೆ ಐಸು ಹಾಕುವ ಮುಂಚೆ ಬೇರೆ ಅನಿಲ ಉರಿಸಿ ಗಂಟೆಗಟ್ಟಲೆ ತೊಳೆಯಲೇಬೇಕು.

ಎಣಿಕೆಯ ಗಣಿತ ಸುಲಭ, ಆದರೆ ನಿರ್ದಯ. ನೂರು ಪರಮಾಣು ಎಣಿಸಿದರೆ ಹತ್ತು ಪರ್ಸೆಂಟ್ ಅನಿಶ್ಚಿತತೆ, ವಯಸ್ಸಿನಲ್ಲಿ ಸುಮಾರು 39 ವರ್ಷ ಆಚೀಚೆ. ಅದನ್ನು ಅರ್ಧ ಮಾಡಬೇಕಾದರೆ ನಾನೂರು ಎಣಿಸಬೇಕು, ನಾಲ್ಕು ಪಟ್ಟು ಸಮಯ. ನನ್ನ ಕೇಳಿದರೆ, ಒಂದೇ ಗಡ್ಡೆಯನ್ನು ನಾಲ್ಕು ಪಟ್ಟು ಹೊತ್ತು ಅಳೆಯುವುದಕ್ಕಿಂತ ಬೇರೆ ಬೇರೆ ಆಳದ ನಾಲ್ಕು ಗಡ್ಡೆ ಅಳೆಯಿರಿ. ಆಳಕ್ಕೆ ಹೋದಂತೆ ವಯಸ್ಸು ಏರಬೇಕು. ಏರದಿದ್ದರೆ ಎಲ್ಲೋ ಗಾಳಿ ನುಗ್ಗಿದೆ ಅಂತ ಅನುಮಾನ ಪಡಬಹುದು.

ತುಂಬಾ ಹಳೆಯದಕ್ಕೆ ಕ್ರಿಪ್ಟಾನ್-81 ಇದೆ, ಅರ್ಧಾಯು 2,29,000 ವರ್ಷ. ಈಜಿಪ್ಟ್‌ನ ನ್ಯೂಬಿಯನ್ ಜಲಪದರದ ನೀರು ಲಕ್ಷಗಟ್ಟಲೆ ವರ್ಷ ಹಳೆಯದು ಅಂತ ಖಚಿತವಾಗಿದ್ದು ಇದರಿಂದಲೇ. ಅಂಟಾರ್ಕ್ಟಿಕಾದ ಟೇಲರ್ ಹಿಮನದಿಯಲ್ಲಿ ಇದನ್ನು ಮೊದಲು ಪರೀಕ್ಷಿಸಿದಾಗ ಒಂದೊಂದು ಸ್ಯಾಂಪಲ್‌ಗೆ ನೂರಾರು ಕೆಜಿ ಐಸು ಬೇಕಾಗಿತ್ತು. ಈಗ ಕೆಲವೇ ಕೆಜಿ ಸಾಕು. ಟಿಬೆಟ್‌ನ ಗುಲಿಯಾ ಹಿಮದ ತಳ ಐದು ಲಕ್ಷ ವರ್ಷಕ್ಕಿಂತ ಹಳೆಯದು ಅನ್ನೋ ಮಾತಿತ್ತು. ಅಂಚಿನ ತಳದ ಐಸನ್ನು ಕ್ರಿಪ್ಟಾನ್‌ನಿಂದ ಅಳೆದಾಗ ಒಂದು ಲಕ್ಷಕ್ಕಿಂತ ಕಡಿಮೆ ಬಂತು. ಕ್ರಿಪ್ಟಾನ್‌ನವರಿಗೆ ಇನ್ನೊಂದು ಅನುಕೂಲವೂ ಇದೆ, ನಮಗೆ ಹೊಟ್ಟೆಕಿಚ್ಚು ಬರುವಂಥದ್ದು. ಅಣು ಇಂಧನ ಮರುಸಂಸ್ಕರಣೆಯಿಂದ ಗಾಳಿಗೆ ಸೇರಿರುವ ಕ್ರಿಪ್ಟಾನ್-85 ಅದೇ ಮಷೀನಿನಲ್ಲಿ ಅಳೆಯಬಹುದು. ಹಳೆ ಐಸಿನಲ್ಲಿ ಅದು ಕಂಡರೆ ಈಗಿನ ಗಾಳಿ ಬೆರೆತಿದೆ ಅಂತಲೇ ಅರ್ಥ.

ಊರಿಗೆ ಬಂದಾಗಲೆಲ್ಲ ಕೋಲಾರದ ಕಡೆಯ ನೆಂಟರು ಕೇಳುತ್ತಾರೆ, ನಮ್ಮ ಸಾವಿರ ಅಡಿ ಬೋರ್‌ವೆಲ್ ನೀರು ಎಷ್ಟು ಹಳೇದು ಹೇಳಪ್ಪಾ ಅಂತ. ಹತ್ತಿಪ್ಪತ್ತು ಲೀಟರ್ ನೀರು ಸಾಕು, ಗಾಳಿ ತಾಗದಂತೆ ತುಂಬಿದರಾಯಿತು. ಆದರೆ ನಮ್ಮದು ಗ್ರಾನೈಟ್, ನೈಸ್ ಬಂಡೆಯ ನಾಡು. ಬಂಡೆಯಲ್ಲಿರುವ ಯುರೇನಿಯಂ, ಥೋರಿಯಂನಿಂದ ಬರುವ ನ್ಯೂಟ್ರಾನ್‌ಗಳು ಪೊಟ್ಯಾಸಿಯಂಗೆ ಬಡಿದು ನೆಲದೊಳಗೇ ಆರ್ಗಾನ್-39 ಹುಟ್ಟಿಸುತ್ತವೆ. ಸ್ವೀಡನ್‌ನ ಸ್ಟ್ರಿಪಾ ಗ್ರಾನೈಟ್ ನೀರಿನಲ್ಲಿ ಗಾಳಿಯಲ್ಲಿರುವುದಕ್ಕಿಂತಲೂ ಜಾಸ್ತಿ ಸಿಕ್ಕಿತ್ತು. ಅದನ್ನು ನೇರವಾಗಿ ಲೆಕ್ಕಕ್ಕೆ ಹಾಕಿದರೆ ನೀರು ಇನ್ನೂ ಹುಟ್ಟೇ ಇಲ್ಲ ಅಂತ ಬರುತ್ತದೆ! ಮೇಲಾಗಿ ಒಂದೇ ಬೋರ್‌ವೆಲ್‌ಗೆ ಬೇರೆ ಬೇರೆ ಬಿರುಕಿನಿಂದ ಬೇರೆ ಬೇರೆ ಕಾಲದ ನೀರು ಸೇರುತ್ತದೆ. ಹಾಗಾಗಿ ಅವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಟ್ರಿಟಿಯಂ (ನೀರಿನಲ್ಲೇ ಇರುವ ವಿಕಿರಣಶೀಲ ಹೈಡ್ರೋಜನ್), ಕ್ರಿಪ್ಟಾನ್-85 ನೋಡಿಸಿ, ಇತ್ತೀಚಿನ ಮಳೆ ನೀರು ಎಷ್ಟು ಸೇರುತ್ತಿದೆ ತಿಳಿಯುತ್ತದೆ. ಅವೆರಡೂ ಸಿಗದಿದ್ದರೆ ಆಮೇಲೆ ಆರ್ಗಾನ್, ಅದೂ ಬಂಡೆಯ ಚೂರನ್ನೂ ಜೊತೆಗೆ ಪರೀಕ್ಷೆ ಮಾಡಿಸಿದ ಮೇಲೆ.