ಕರುಳಿನ ಕೋಶದೊಳಗೆ ಹೊಕ್ಕ ಬ್ಯಾಕ್ಟೀರಿಯಾಗಳನ್ನು ಎಣಿಸುವ ಕೆಲಸ: ನನ್ನ ಅನುಭವ

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕರುಳಿನ ಒಳಪದರದ ಕೋಶಗಳಿಗೆ ಹೇಗೆ ನುಗ್ಗುತ್ತದೆ ಎಂಬುದನ್ನು ತಿಳಿಯಲು ನಾನು ಹೆಚ್ಚಾಗಿ ಬಳಸುವುದು ಜೆಂಟಾಮೈಸಿನ್ ರಕ್ಷಣಾ ವಿಧಾನವನ್ನು. ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಪ್ರಾಣಿಕೋಶದ ಪೊರೆಯನ್ನು ಸುಲಭವಾಗಿ ದಾಟುವುದಿಲ್ಲ. ಆದ್ದರಿಂದ ಸೋಂಕು ತಗುಲಿಸಿದ ಕೋಶಗಳ ಮೇಲೆ ಅದನ್ನು ಹಾಕಿದರೆ ಹೊರಗೆ ಉಳಿದ ಬ್ಯಾಕ್ಟೀರಿಯಾ ಸಾಯುತ್ತವೆ, ಒಳಹೊಕ್ಕವು ಬದುಕಿಕೊಳ್ಳುತ್ತವೆ. ಬಳಿಕ ಕೋಶಗಳನ್ನು ಒಡೆದು, ಆ ದ್ರವವನ್ನು ಬ್ಯಾಕ್ಟೀರಿಯಾ ಬೆಳೆಯುವ ಅಗರ್ ತಟ್ಟೆಯ ಮೇಲೆ ಹರಡಿ, ಮರುದಿನ ಒಂದೊಂದು ಬ್ಯಾಕ್ಟೀರಿಯಾದಿಂದ ಮೂಡಿದ ಕಾಲೊನಿಗಳನ್ನು (ಚುಕ್ಕೆಯಂಥ ಗುಂಪುಗಳನ್ನು) ಎಣಿಸಿದರೆ ಎಷ್ಟು ಬ್ಯಾಕ್ಟೀರಿಯಾ ಒಳಗಿದ್ದವು ಎಂಬ ಲೆಕ್ಕ ಸಿಗುತ್ತದೆ. ಆದರೆ ಆ ಲೆಕ್ಕವನ್ನು ನಂಬಬಹುದೇ ಎಂಬುದನ್ನು ಹೇಳುವುದು ಅದರ ಪಕ್ಕದಲ್ಲಿ ಹೋಲಿಕೆಗಾಗಿ ನಡೆಸಿದ ಕಂಟ್ರೋಲ್ ಪ್ರಯೋಗಗಳೇ ಹೊರತು ತಟ್ಟೆಯ ಮೇಲಿನ ಸಂಖ್ಯೆಯಲ್ಲ.

ಕೋಶಗಳಾಗಿ ನಾನು ಕಾಕೋ-2 ಬಳಸುತ್ತೇನೆ. ಇವು ಮನುಷ್ಯನ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬಂದವಾದರೂ, ಒಂದಕ್ಕೊಂದು ತಾಗುವಷ್ಟು ದಟ್ಟವಾಗಿ ಬೆಳೆದ ನಂತರ ಸುಮಾರು 3 ವಾರ ಹಾಗೆಯೇ ಬಿಟ್ಟರೆ ಸಣ್ಣ ಕರುಳಿನ ಹೀರುಕೋಶಗಳ ಲಕ್ಷಣಗಳನ್ನು ತಳೆಯುತ್ತವೆ. ಮೇಲ್ಭಾಗದಲ್ಲಿ ಸೂಕ್ಷ್ಮ ಬೆರಳುಗಳಂಥ ರಚನೆಗಳು ಮೂಡುತ್ತವೆ, ಕೋಶಗಳ ನಡುವಿನ ಬೆಸುಗೆ ಬಿಗಿಯಾಗುತ್ತದೆ. ರಂಧ್ರಗಳಿರುವ ಕೃತಕ ಪೊರೆಯ ಮೇಲೆ ಬೆಳೆಸಿದಾಗ ಪದರದ ವಿದ್ಯುತ್ ರೋಧವನ್ನು ಅಳೆದು ಆ ಬಿಗಿಯನ್ನು ಪರೀಕ್ಷಿಸಬಹುದು. ಮೇಲಿನ ಮತ್ತು ಕೆಳಗಿನ ಬದಿಗಳಿಂದ ಪ್ರತ್ಯೇಕವಾಗಿ ಸೋಂಕು ತಗುಲಿಸಬೇಕಾದ ಕೆಲಸಕ್ಕೂ ಈ ಪೊರೆಯೇ ಬೇಕು. ಕರುಳಿಗೆ ಸೋಂಕು ತರುವ ಇನ್ನೊಂದು ಬ್ಯಾಕ್ಟೀರಿಯಾ ಶಿಗೆಲ್ಲಾ ಇಂಥ ಕೋಶಗಳಿಗೆ ಮುಖ್ಯವಾಗಿ ಬುಡದ ಬದಿಯಿಂದಲೇ ನುಗ್ಗುವುದರಿಂದ, ಅದನ್ನು ಮೇಲಿನಿಂದ ಮಾತ್ರ ಹಾಕಿ ನೋಡಿ ಸೋಂಕಿನ ಶಕ್ತಿ ಕಡಿಮೆ ಎಂದು ತೀರ್ಮಾನಿಸುವುದು ಸರಿಯಲ್ಲ. ಕೋಶಗಳನ್ನು ಬೆಳೆಸುವ ಪೋಷಕ ದ್ರವದಲ್ಲಿ, ಅಂದರೆ ಮಾಧ್ಯಮದಲ್ಲಿ, ಸಾಮಾನ್ಯವಾಗಿ ಬೆರೆಸುವ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್‌ಗಳನ್ನು ನಾನು ಪ್ರಯೋಗದ ಹಿಂದಿನ ದಿನವೇ ತೆಗೆದುಬಿಡುತ್ತೇನೆ.

ಇಡೀ ಪ್ರಯೋಗದಲ್ಲಿ ನಾನು ಅತಿ ಹೆಚ್ಚು ಗಮನ ಕೊಡುವುದು ಬ್ಯಾಕ್ಟೀರಿಯಾವನ್ನು ಬೆಳೆಸುವ ಹಂತಕ್ಕೆ. ಸಾಲ್ಮೊನೆಲ್ಲಾ ತನ್ನ ಪ್ರೋಟೀನುಗಳನ್ನು ಕೋಶದೊಳಕ್ಕೆ ಚುಚ್ಚಲು ಬಳಸುವ ಸೂಜಿಯಂಥ ಯಂತ್ರವನ್ನು ಎಲ್ಲ ಹೊತ್ತಿನಲ್ಲಿಯೂ ಕಟ್ಟಿಕೊಂಡಿರುವುದಿಲ್ಲ. ವೇಗವಾಗಿ ಬೆಳೆಯುವ ಘಟ್ಟದ ಕೊನೆಯಲ್ಲಿ, ಉಪ್ಪಿನಂಶ ಹೆಚ್ಚಿದ್ದು ಆಮ್ಲಜನಕ ಕಡಿಮೆ ಇದ್ದಾಗ, ಅದರ ಜೀನ್‌ಗಳು ಚುರುಕಾಗುತ್ತವೆ. ಹೀಗಾಗಿ ರಾತ್ರಿಯಿಡೀ ಬೆಳೆದ ಕಲ್ಚರನ್ನು ನೇರವಾಗಿ ಬಳಸದೆ, ಅದರ 1 ಭಾಗವನ್ನು ಒಟ್ಟು 33 ಭಾಗವಾಗುವಂತೆ ಹೊಸ ಮಾಧ್ಯಮಕ್ಕೆ ಬೆರೆಸಿ, ಸುಮಾರು 3.5 ಗಂಟೆ ಬೆಳೆಸಿ ಕೂಡಲೇ ಬಳಸುತ್ತೇನೆ. ಅದೇ ತಳಿ, ಅದೇ ಕೋಶ, ಆದರೆ ಕಲ್ಚರಿನ ವಯಸ್ಸು ಬೇರೆ ಎಂದಾದರೆ ಫಲಿತಾಂಶವೂ ಬೇರೆಯಾಗುತ್ತದೆ. ರೂಪಾಂತರಿ ತಳಿಯನ್ನು ಮೂಲ ತಳಿಯೊಂದಿಗೆ ಹೋಲಿಸುವಾಗ ಎರಡೂ ಒಂದೇ ವೇಗದಲ್ಲಿ ಬೆಳೆಯುತ್ತವೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕಾದುದು ಈ ಕಾರಣಕ್ಕಾಗಿ.

ಪ್ಲೇಟಿನ ಒಂದು ವೆಲ್‌ನಲ್ಲಿ (ಕುಳಿಯಲ್ಲಿ) 2 ಲಕ್ಷ ಕೋಶಗಳಿದ್ದರೆ, ಕೋಶಕ್ಕೆ 10ರಂತೆ 20 ಲಕ್ಷ ಬ್ಯಾಕ್ಟೀರಿಯಾ ಹಾಕುತ್ತೇನೆ. ಕಲ್ಚರಿನ ಮಸುಕನ್ನು ಅಳೆದು ಊಹಿಸಿದ ಸಂಖ್ಯೆ ಸಾಲದು. ಹಾಕಿದ ದ್ರವವನ್ನೂ ಹಂತಹಂತವಾಗಿ ತೆಳುಗೊಳಿಸಿ ತಟ್ಟೆಯ ಮೇಲೆ ಹರಡಿ, ನಿಜವಾಗಿ ಎಷ್ಟು ಹಾಕಿದೆ ಎಂದು ಎಣಿಸಿ, ಒಳಹೊಕ್ಕ ಪ್ರಮಾಣವನ್ನು ಅದರ ಶೇಕಡಾವಾರಾಗಿ ಬರೆಯುತ್ತೇನೆ. ಪ್ಲೇಟನ್ನು ನಿಧಾನ ವೇಗದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿದರೆ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೋಶಗಳನ್ನು ತಲುಪುತ್ತವೆ. ಚಲನಶಕ್ತಿ ಕಳೆದುಕೊಂಡ ರೂಪಾಂತರಿಗಳನ್ನು ಹೋಲಿಸುವಾಗ ಈ ಹಂತ ವಿಶೇಷವಾಗಿ ಮುಖ್ಯ. ಅನಂತರ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತೊಳೆಯುತ್ತೇನೆ. ತೊಳೆಯುವಾಗ ಪ್ಲೇಟನ್ನು ತುಸು ಓರೆ ಮಾಡಿ, ಪಿಪೆಟ್ ತುದಿಯನ್ನು ವೆಲ್‌ನ ಗೋಡೆಗೆ ತಾಗಿಸಿ, ಬಫರ್ ಗೋಡೆಯ ಗುಂಟ ಇಳಿಯುವಂತೆ ಬಿಡುತ್ತೇನೆ. ನೇರವಾಗಿ ನಡುವಿಗೆ ಸುರಿದರೆ ಪದರ ಅಂಚಿನಿಂದ ಮಡಚಿ ಎದ್ದುಬಿಡುತ್ತದೆ ಮತ್ತು ಆ ವೆಲ್ ಲೆಕ್ಕಕ್ಕೆ ಸಿಗುವುದಿಲ್ಲ. ಜೆಂಟಾಮೈಸಿನ್ ಅನ್ನು ಮೊದಲ 1 ಗಂಟೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಇಟ್ಟು, ಮುಂದಿನ ಅವಧಿಗೆ 10ಕ್ಕೆ ಇಳಿಸುತ್ತೇನೆ. ಬಹಳ ಹೊತ್ತು ಹೆಚ್ಚಿನ ಪ್ರಮಾಣದಲ್ಲಿ ಉಳಿದರೆ ಕೋಶಗಳು ಅದನ್ನು ಅಲ್ಪಸ್ವಲ್ಪವಾಗಿ ಒಳಕ್ಕೆ ಎಳೆದುಕೊಳ್ಳುತ್ತವೆ.

ಇನ್ನು ಕಂಟ್ರೋಲ್‌ಗಳು. ಇನ್ವ್-ಎ ಎಂಬ ಜೀನ್ ಕೆಟ್ಟಿರುವುದರಿಂದ ಆ ಸೂಜಿಯಂಥ ನುಗ್ಗುವ ಯಂತ್ರವೇ ಇಲ್ಲದ ರೂಪಾಂತರಿಯನ್ನು ಪ್ರತಿ ಪ್ರಯೋಗದಲ್ಲಿಯೂ ಇಡುತ್ತೇನೆ. ಅದರ ಕಾಲೊನಿಗಳು ಮೂಲ ತಳಿಗಿಂತ ತೀರ ಕಡಿಮೆ ಇರದಿದ್ದರೆ ಆ ದಿನದ ಲೆಕ್ಕವನ್ನು ಸ್ವೀಕರಿಸುವುದಿಲ್ಲ. ಕೋಶಗಳನ್ನು ಒಡೆಯುವ ಮುನ್ನ ಕೊನೆಯ ಬಾರಿ ತೊಳೆದ ದ್ರವವನ್ನೂ ತಟ್ಟೆಗೆ ಹಾಕುತ್ತೇನೆ, ಏಕೆಂದರೆ ಹೊರಗಿನವು ಸತ್ತಿವೆ ಎಂಬುದಕ್ಕೆ ಅದೇ ನೇರ ಸಾಕ್ಷಿ. ಪ್ರತಿ ತಳಿಯೂ ಜೆಂಟಾಮೈಸಿನ್‌ಗೆ ಬಗ್ಗುತ್ತದೆಯೇ, ಕೋಶ ಒಡೆಯಲು ಬಳಸುವ ಟ್ರೈಟಾನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲವೇ ಎಂದೂ ಪರೀಕ್ಷಿಸಿರಬೇಕು. ಸೋಂಕಿನಿಂದ ಕೋಶಗಳೇ ಸಾಯುತ್ತಿದ್ದರೆ ಅವುಗಳ ಪೊರೆ ಸೋರಿ, ಔಷಧ ಒಳಗಿಳಿದು, ಸಂಖ್ಯೆ ಕುಸಿಯುತ್ತದೆ. ಅದನ್ನು ನುಗ್ಗುವ ಶಕ್ತಿಯ ಕೊರತೆ ಎಂದು ಓದುವ ಅಪಾಯವಿರುವುದರಿಂದ, ಸಾಯುವ ಕೋಶಗಳಿಂದ ಮಾಧ್ಯಮಕ್ಕೆ ಸೋರಿದ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವವನ್ನೂ ಅಳೆಯುತ್ತೇನೆ.

ಕಾಲೊನಿಗಳ ಎಣಿಕೆ ಕೊಡುವುದು ಸರಾಸರಿಯನ್ನು ಮಾತ್ರ, ಮತ್ತು ಸಾಲ್ಮೊನೆಲ್ಲಾದ ವಿಷಯದಲ್ಲಿ ಸರಾಸರಿ ಬಹಳಷ್ಟನ್ನು ಮುಚ್ಚಿಡುತ್ತದೆ. ಒಳಹೊಕ್ಕವುಗಳಲ್ಲಿ ಹೆಚ್ಚಿನವು ಪೊರೆಯ ಗುಳ್ಳೆಯೊಳಗೆ ಉಳಿದು ನಿಧಾನವಾಗಿ ಬೆಳೆಯುತ್ತವೆ. ಕೆಲವು ಮಾತ್ರ ಗುಳ್ಳೆಯನ್ನು ಹರಿದು ಕೋಶರಸಕ್ಕೆ ಇಳಿದು ಅಲ್ಲಿ ವಿಪರೀತ ವೇಗದಲ್ಲಿ ಹೆಚ್ಚುತ್ತವೆ. ಕ್ಲೋರೋಕ್ವಿನ್ ಎಂಬ ಔಷಧ ಗುಳ್ಳೆಗಳಲ್ಲಿ ಶೇಖರವಾಗಿ ಅಲ್ಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕೋಶರಸದಲ್ಲಿರುವವನ್ನು ಬಿಡುತ್ತದೆ. ಹಾಗಾಗಿ ಕೋಶ ಒಡೆಯುವ ಮುನ್ನ ಅರ್ಧದಷ್ಟು ವೆಲ್‌ಗಳಿಗೆ 1 ಗಂಟೆ ಕ್ಲೋರೋಕ್ವಿನ್ ಕೊಟ್ಟು ಎರಡು ಲೆಕ್ಕಗಳನ್ನು ಹೋಲಿಸುತ್ತೇನೆ. ಜೊತೆಗೆ ಗಾಜಿನ ಚೂರಿನ ಮೇಲೆ ಬೆಳೆಸಿದ ಕೋಶಗಳಿಗೆ ಪೊರೆ ತೂತುಮಾಡುವ ಮುಂಚೆ ಬ್ಯಾಕ್ಟೀರಿಯಾಗೆ ಅಂಟುವ ಒಂದು ಬಣ್ಣದ ಪ್ರತಿಕಾಯ (ಆಂಟಿಬಾಡಿ), ತೂತುಮಾಡಿದ ಮೇಲೆ ಇನ್ನೊಂದು ಬಣ್ಣದ್ದು ಹಾಕುತ್ತೇನೆ. ಎರಡೂ ಬಣ್ಣ ಹೊತ್ತವು ಹೊರಗಿನವು, ಎರಡನೆಯದನ್ನು ಮಾತ್ರ ಹೊತ್ತವು ಒಳಗಿನವು. ಸೋಂಕು ತಗುಲಿಸಿ 8 ಗಂಟೆಯಾದ ಚಿತ್ರಗಳಲ್ಲಿ ಬಹುಪಾಲು ಕೋಶಗಳಲ್ಲಿ ಒಂದೆರಡೇ ಬ್ಯಾಕ್ಟೀರಿಯಾ ಕಾಣುವಾಗ, ಅಲ್ಲಲ್ಲಿ ಒಂದು ಕೋಶ ಎಣಿಸಲಾಗದಷ್ಟು ತುಂಬಿರುತ್ತದೆ. ಅದಕ್ಕಾಗಿ ಪ್ರತಿ ಕೋಶದ ಎಣಿಕೆಯನ್ನೂ ಬೇರೆಬೇರೆಯಾಗಿ ದಾಖಲಿಸಿ, ಆ ಹಂಚಿಕೆಯನ್ನು ಕಾಲೊನಿ ಲೆಕ್ಕದ ಪಕ್ಕದಲ್ಲಿಯೇ ಕೊಡುತ್ತೇನೆ.