ಹಳೇ ಬೆಡ್‌ಶೀಟಿನಿಂದ ಪೈಜಾಮ ಹೊಲ್ಕೊಳ್ಳೋದು ಹೇಗೆ?

ಮನೇಲಿ ಹಾಕ್ಕೊಳ್ಳೋ ಪೈಜಾಮಕ್ಕೆ ಹೊಸ ಬಟ್ಟೆ ತರೋದೇ ದಂಡ ಅಂತೀನಿ ನಾನು. ಹೊಸ ಕಾಟನ್ ಅಂದ್ರೆ ಮೊದಲ ಒಗೆತಕ್ಕೆ ಕುಗ್ಗತ್ತೆ, ಗಂಜಿ ಬೇರೆ ಇರತ್ತೆ, ಮೆತ್ತಗಾಗೋಕೆ ತಿಂಗಳುಗಟ್ಟಲೆ ಬೇಕು, ಅದೇ ನಾಲ್ಕೈದು ವರ್ಷ ಹಾಸಿ ಒಗೆದ ಬೆಡ್‌ಶೀಟ್ ಆದ್ರೆ ಕುಗ್ಗೋದೆಲ್ಲ ಕುಗ್ಗಿ ಮುಗಿದಿರತ್ತೆ, ಬಣ್ಣ ಬಿಡೋ ಕಾಟವೂ ಇಲ್ಲ.

ಬಟ್ಟೆ ಗಟ್ಟಿ ಇದ್ಯಾ ಅಂತ ಮೊದಲು ನೋಡ್ಕೊಳ್ಳಿ. ಕಿಟಕಿ ಬೆಳಕಿಗೆ ಹಿಡಿದ್ರೆ ಸವೆದ ಜಾಗ ಜಾಲರಿ ಥರ ಕಾಣತ್ತೆ, ಬೆಡ್‌ಶೀಟಲ್ಲಿ ಅದು ಮಧ್ಯದಲ್ಲೇ ಜಾಸ್ತಿ, ಸೀರೆಯಲ್ಲಾದ್ರೆ ಮಡಿಕೆ ಬಿದ್ದ ಗೆರೆ ಉದ್ದಕ್ಕೆ. ಎರಡೂ ಕೈಲಿ ಹಿಡಿದು ಜಗ್ಗಿ ನೋಡಿ, ಚರ್ ಅಂದ್ರೆ ಆ ಬಟ್ಟೆ ಕೌದಿಗೋ ಒರೆಸೋ ಬಟ್ಟೆಗೋ ಆಯ್ತು ಅಂದ್ಕೊಳ್ಳಿ.

ಮಾಮೂಲಿ 60×90 ಇಂಚಿನ ಸಿಂಗಲ್ ಬೆಡ್‌ಶೀಟ್ ಒಂದಿದ್ರೆ, ಸೀಟ್ ಅಳತೆ (ಕೂರೋ ಭಾಗದ ಸುತ್ತಳತೆ) 40 ಇಂಚಿನ ಒಳಗಿರೋರಿಗೆ ಆರಾಮಾಗಿ ಸಾಕು, ಅದಕ್ಕಿಂತ ಜಾಸ್ತಿ ಇದ್ರೆ ಡಬಲ್ ಶೀಟ್ ತಗೊಳ್ಳಿ.

ಅಳತೆಗೆ ಟೇಪು ಹಿಡ್ಕೊಂಡು ಲೆಕ್ಕ ಹಾಕ್ತಾ ಕೂರೋದೇ ಬೇಡ. ನಿಮಗೆ ಚೆನ್ನಾಗಿ ಕೂರೋ ಹಳೇ ಪೈಜಾಮ ತಗೊಳ್ಳಿ (ಟೀ ಶರ್ಟ್ ಬಟ್ಟೆದು ಬೇಡ, ಅದು ಹಿಗ್ಗತ್ತೆ, ಅದೇ ಅಳತೆಗೆ ಕಾಟನ್ ಕತ್ತರಿಸಿದ್ರೆ ಕೂರೋಕಾಗಲ್ಲ). ಒಂದು ಕಾಲನ್ನ ಇನ್ನೊಂದರೊಳಗೆ ತೂರಿಸಿ, ಹಳೇ ಪೇಪರ್ ಅಂಟಿಸಿ ದೊಡ್ಡದು ಮಾಡಿ ಅದರ ಮೇಲೆ ಹಾಸಿ, ಸೊಂಟದ ಎಲಾಸ್ಟಿಕ್ ಪೂರ್ತಿ ಎಳೆದು ಹಿಡಿದು ಸುತ್ತ ಗೆರೆ ಎಳೀರಿ. ಮೊದಲು ಮುಂಭಾಗ, ಆಮೇಲೆ ಮಗುಚಿ ಹಿಂಭಾಗ, ಎರಡೂ ಗೆರೆ ಹೊರಮಗ್ಗುಲಲ್ಲಿ ಸೇರ್ಕೊಂಡ್ರೆ ಒಂದು ಕಾಲಿಗೆ ಒಂದೇ ತುಂಡು, ಆ ಕಡೆ ಹೊಲಿಗೆಯೇ ಬೇಡ.

ಈಗ ಆ ಪೇಪರನ್ನ ಸರಿಯಾಗಿ ನೋಡಿ, ಪೈಜಾಮದ ಕಷ್ಟ ಇರೋದೆಲ್ಲ ಇಲ್ಲೇ. ಸೊಂಟದಿಂದ ಒಳಗಾಲಿನ ತನಕ ಬಾಗಿ ಬರೋ ಗೆರೆಯೇ ಕಮಾನು, ಹಿಂದಿನ ಕಮಾನು ಮುಂದಿನದಕ್ಕಿಂತ ಆಳವಾಗಿ, ಉದ್ದವಾಗಿ ಇರ್ಬೇಕು, ಹಿಂದಿನ ಸೊಂಟದ ಗೆರೆಯೂ ಒಂದು, ಒಂದೂವರೆ ಇಂಚು ಮೇಲಿರ್ಬೇಕು. ಎರಡೂ ಒಂದೇ ಥರ ಕತ್ತರಿಸಿದ್ರೆ ನಿಂತಾಗ ಚೆನ್ನಾಗೇ ಕಾಣತ್ತೆ, ಕೂತಾಗ ಹಿಂದೆ ಜಾರಿ ಹೋಗತ್ತೆ. ಉಳಿದಿದ್ದೆಲ್ಲ ಬರೀ ನೇರ ಹೊಲಿಗೆ. ಗೆರೆಯ ಹೊರಗೆ ಸುತ್ತ ಅರ್ಧ ಇಂಚು, ಸೊಂಟಕ್ಕೆ 2, ಪಾದದ ಕಡೆ ಒಂದೂವರೆ ಇಂಚು ಬಿಡಿ.

ಶೀಟನ್ನ ಉದ್ದುದ್ದಕ್ಕೆ ಮಡಚಿ, ಅಂಚಿಗೆ ಕಾಲು ಸಮಾನಾಂತರ ಬರೋ ಹಾಗೆ ಪೇಪರ್ ಇಟ್ಟು ಎರಡೂ ಕಾಲು ಒಟ್ಟಿಗೆ ಕತ್ತರಿಸಿ. ಆನೆ ಚಿತ್ರದ ಶೀಟನ್ನ ಅಡ್ಡಕ್ಕೆ ಮಡಚಿದ್ರೆ ಏನಾಗತ್ತೆ ಅಂದ್ರೆ ಒಂದು ಕಾಲಲ್ಲಿ ಆನೆಗಳು ನಡೀತಿರ್ತವೆ, ಇನ್ನೊಂದರಲ್ಲಿ ತಲೆಕೆಳಗಾಗಿರ್ತವೆ. ಗಾಢ ಬಣ್ಣದ ಬಟ್ಟೆಗೆ ಸವೆದ ಸೋಪಿನ ಚೂರಿಂದ ಗುರುತು ಹಾಕಿ, ಚಾಕ್‌ಗಿಂತ ಚೆನ್ನಾಗಿ ಕಾಣತ್ತೆ, ಒಗೆದ್ರೆ ಹೋಗತ್ತೆ.

ಕಾಟನ್ ಸೀರೆ ಇದ್ರೆ ಇನ್ನೂ ಮಜಾ. ಸೀರೆ ಅಗಲ ಸಾಮಾನ್ಯವಾಗಿ 45 ಇಂಚಿನ ಹತ್ರ ಇರತ್ತೆ, ಕಾಲಿನ ಉದ್ದಕ್ಕೆ ಸರಿಹೋಗತ್ತೆ, ಹಾಗಾಗಿ ಅಡ್ಡಕ್ಕೆ ಇಟ್ಟು ಕತ್ತರಿಸಿದ್ರೆ ಸೀರೆ ಅಂಚೇ ಪಾದದ ಹತ್ರ ಬಂದು ಮಡಚೋ ಕೆಲಸ ತಪ್ಪತ್ತೆ (ಆ ಒಂದೂವರೆ ಇಂಚು ಬಿಡೋದು ಬೇಡ). ಫಾಲ್ ಮೊದಲೇ ಬಿಚ್ಚಿಡಿ.

ಇನ್ನು ಹೊಲಿಗೆ. ಮೊದಲು ಒಂದೊಂದು ಕಾಲನ್ನೂ ಬೇರೆಬೇರೆಯಾಗಿ ಒಳಗಾಲಿನ ಉದ್ದಕ್ಕೆ ಹೊಲಿದು ಎರಡು ಕೊಳವೆ ಮಾಡ್ಕೊಳ್ಳಿ. ಒಂದನ್ನ ಸೀದಾ ಮಾಡಿ, ಉಲ್ಟಾ ಇರೋ ಇನ್ನೊಂದರೊಳಗೆ ತೂರಿಸಿ, ಒಳಗಾಲಿನ ಹೊಲಿಗೆ ಎರಡೂ ಒಂದರ ಮೇಲೊಂದು ಕೂರೋ ಹಾಗೆ ಪಿನ್ ಹಾಕಿ, ಮುಂದಿನ ಸೊಂಟದಿಂದ ಹಿಂದಿನ ಸೊಂಟದ ತನಕ ಕಮಾನನ್ನ ಒಂದೇ ಉಸಿರಿಗೆ ಹೊಲೀರಿ. ಅದರ ಮೇಲೇ ಇನ್ನೊಂದು ಹೊಲಿಗೆ ಹಾಕೋದು ಮರೀಬೇಡಿ, ಕೆಳಗೆ ಕೂತು ಏಳುವಾಗ ಹರಿಯೋದು ಈ ಜಾಗವೇ. ಬಾಗಿರೋ ಕಡೆ ಅಂಚಿಗೆ ಸಣ್ಣ ಸಣ್ಣ ಕಚ್ಚು ಕೊಡಿ, ಹೊಲಿಗೆ ದಾರಕ್ಕೆ ಮಾತ್ರ ತಾಗಬಾರದು. ಎಳೆ ಬಿಡೋ ಅಂಚಿಗೆ ಜಿಗ್‌ಜಾಗ್ ಹಾಕಿ, ಇಲ್ಲಾಂದ್ರೆ ಟೇಲರ್ ಅಂಗಡೀಲಿ ಓವರ್‌ಲಾಕ್ ಮಾಡಿಸ್ಕೊಂಡು ಬನ್ನಿ.

ಸೊಂಟದ ಬಟ್ಟೆನ ಮೊದಲು ಕಾಲು ಇಂಚು, ಆಮೇಲೆ ಒಂದೂಕಾಲು ಇಂಚು ಮಡಚಿ ಇಸ್ತ್ರಿ ಹಾಕಿ, ಹಿಂದೆ 2 ಇಂಚು ಬಿಟ್ಟು ಸುತ್ತ ಹೊಲೀರಿ. ನಿಮ್ಮ ಸೊಂಟಕ್ಕಿಂತ 2–3 ಇಂಚು ಕಮ್ಮಿ ಉದ್ದದ, ಒಂದು ಇಂಚು ಅಗಲದ ಎಲಾಸ್ಟಿಕ್ ತುದಿಗೆ ಸೇಫ್ಟಿ ಪಿನ್ ಚುಚ್ಚಿ ಒಳಗೆ ಓಡಿಸಿ, ಇನ್ನೊಂದು ತುದಿನ ಬಟ್ಟೆಗೇ ಪಿನ್ ಮಾಡಿಡಿ, ಇಲ್ಲಾಂದ್ರೆ ಅದೂ ಒಳಗೆ ಹೋಗ್ಬಿಡತ್ತೆ. ಲಾಡಿ ಬೇಕು ಅನ್ನೋರು ಮಡಚೋಕೆ ಮುಂಚೆನೇ ಮುಂದೆ ಎರಡು ಕಾಜಾ ಮಾಡ್ಕೊಳ್ಬೇಕು. ಪಾದದ ಕಡೆ ಮಡಚಿ ಹೊಲಿದ್ರೆ ಮುಗೀತು. ಶೀಟಲ್ಲಿ ಇನ್ನೂ ಅರ್ಧ ಉಳಿದಿರತ್ತೆ, ಮಕ್ಕಳ ಪೈಜಾಮಕ್ಕೆ ಸಾಕು.

ಎಲಾಸ್ಟಿಕ್ ತುದಿಗಳನ್ನ ಮಾತ್ರ ತಕ್ಷಣ ಹೊಲೀಬೇಡಿ. ಪಿನ್ ಮಾಡ್ಕೊಂಡು ಊಟ ಆಗೋ ತನಕ ಹಾಕ್ಕೊಂಡು ನೋಡಿ, ಹೊಟ್ಟೆ ಬಿಗಿದ್ರೆ ಒಂದಿಂಚು ಸಡಿಲ ಮಾಡಿ, ಆಮೇಲೆ ಹೊಲಿದು ಆ 2 ಇಂಚಿನ ಸಂದಿ ಮುಚ್ಚಿ.