ಈಕೋ ಕಾರ್ಗೋ ಕ್ಯಾಂಪರ್ ಆಯಿತು, ಗಾಡಿಯ ಬಾಡಿಯಲ್ಲಿ ಒಂದೂ ತೂತು ಬೀಳಲಿಲ್ಲ

ಕ್ಯಾಂಪರ್, ಅಂದರೆ ಒಳಗೇ ಮಲಗಿ ಊರೂರು ತಿರುಗುವ ಗಾಡಿ ಮಾಡಲು ನಾನು ತೆಗೆದುಕೊಂಡದ್ದು ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ಕಾರ್ಗೋ ವ್ಯಾನ್. ಹಳದಿ ಬೋರ್ಡ್. ಮುಂದೆ ಎರಡು ಸೀಟು, ಹಿಂದೆಲ್ಲ ಬರೀ ತಗಡು. ಟೆಂಪೋ ಟ್ರಾವೆಲರ್ ತಗೋ, ಒಳಗೆ ಎದ್ದು ನಿಲ್ಲಬಹುದು ಅಂತ ಸ್ನೇಹಿತರು ಹೇಳಿದರು. ನಿಜವೇ. ಆದರೆ ಬೆಂಗಳೂರಿನ ವಿಜಯನಗರದ ನಮ್ಮ ಕ್ರಾಸ್‌ನಲ್ಲಿ ಅದನ್ನು ನಿಲ್ಲಿಸುವುದೆಲ್ಲಿ? ಥರ್ಟಿ ಫಾರ್ಟಿ ಸೈಟಿನ ಮನೆ. ಗೇಟಿನ ಮುಂದಿನ ಜಾಗವೇ ನಮಗೆ ವರ್ಕ್‌ಶಾಪು, ಪಾರ್ಕಿಂಗ್ ಎರಡೂ. ಈಕೋ ಉದ್ದ 3.7 ಮೀಟರಿಗಿಂತ ಒಂದಿಷ್ಟು ಕಡಿಮೆ. ಸಣ್ಣ ಕಾರು ನಿಲ್ಲುವ ಕಡೆ ಇದೂ ನಿಲ್ಲುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಾನೂನು ನೋಡಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಕ್ಕಾಗಿ ಹೇಳಿತು. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅನ್ನುವ ಬೇರೆ ಮಾನದಂಡವೇ ಇದೆ. ಅದು ಗಾಡಿ ಕಟ್ಟುವ ಕಂಪನಿಗಳ ದಾರಿ, ಮನೆ ಮುಂದೆ ಕೂತು ಕೆಲಸ ಮಾಡುವವರದಲ್ಲ. ಹಾಗಾಗಿ ನನ್ನ ನಿಯಮ ಒಂದೇ. ಬಾಡಿ ಕತ್ತರಿಸಬಾರದು, ವೆಲ್ಡಿಂಗ್ ಬೇಡ, ಕಿಟಕಿ ಕೊರೆಯಬಾರದು. ಒಳಗೆ ಕೂರಿಸಿದ್ದೆಲ್ಲ ಲಗೇಜು. ಬೇಕೆಂದಾಗ ಬಿಚ್ಚಿ ಇಳಿಸುವಂತಿರಬೇಕು. ಗೂಡ್ಸ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು ನೋಡಿ. ಆಗ ಎಲ್ಲವನ್ನೂ ಟೆರೇಸಿಗೆ ಸಾಗಿಸಿ ಖಾಲಿ ಗಾಡಿ ತೋರಿಸುತ್ತೇನೆ. ಓಡುವಾಗ ಹಿಂದೆ ಯಾರೂ ಕೂರುವಂತಿಲ್ಲ. ಮುಂದೆ ಇಬ್ಬರು, ಅಷ್ಟೇ.

ಈ ನಿಯಮದ ಜೊತೆ ತೂಕದ ಲೆಕ್ಕ ತಾನಾಗೇ ಬರುತ್ತದೆ. ನಾವೇ ಹೊತ್ತು ಇಳಿಸಬೇಕಲ್ವಾ! ನಮ್ಮ ಕಾರ್ಪೆಂಟರ್ ಮನೆಗಳ ವಾರ್ಡ್‌ರೋಬ್ ಮಾಡುವವರು. ನೋಡಿದ ಕೂಡಲೇ, ‘ಸಾರ್, ಹದಿನೆಂಟು ಎಂಎಂ ಹಾಕ್ಸಿ, ಲೈಫ್ ಬರತ್ತೆ’ ಅಂದರು. ಎಂಟು ನಾಲ್ಕು ಅಡಿಯ 18 ಎಂಎಂ ಪ್ಲೈವುಡ್ ಶೀಟು ಒಂದೇ 35 ಕೆಜಿ ಹತ್ತಿರ ತೂಗುತ್ತದೆ. ‘ಇದು ಮನೆ ಅಲ್ಲ ಅಣ್ಣ, ಗುಂಡಿಯಲ್ಲಿ ಓಡೋ ಗಾಡಿ’ ಅಂತ ಒಪ್ಪಿಸಲು ಎರಡು ಟೀ ಬೇಕಾಯಿತು. ಕೊನೆಗೆ ಹಾಸಿಗೆಯ ಹಲಗೆಗೆ 12 ಎಂಎಂ, ಪೆಟ್ಟಿಗೆಗಳಿಗೆ 9 ಎಂಎಂ. ಎರಡೂ ನೀರು ತಡೆಯುವ ಬಿಡಬ್ಲ್ಯುಪಿ ದರ್ಜೆ, ಅಂದರೆ ಐಎಸ್ 710 ಗುರುತು ಇರುವ ಪ್ಲೈ. ತಗಡಿನ ಡಬ್ಬಿಯಲ್ಲಿ ತೇವ ಇದ್ದೇ ಇರುತ್ತದೆ, ಅಲ್ಲಿ ಸಾದಾ ಪ್ಲೈ ಪದರ ಬಿಡುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ಅಲ್ಲೇ ಅಳತೆಗೆ ಕತ್ತರಿಸಿ ಕೊಟ್ಟರು. ಫ್ರೇಮಿಗೆ ಪೀಣ್ಯದಿಂದ ಅಲ್ಯೂಮಿನಿಯಂ ಪ್ರೊಫೈಲ್ ತಂದೆ. ಅಲೆನ್ ಕೀ ಒಂದಿದ್ದರೆ ಜೋಡಿಸಬಹುದು, ಬಿಚ್ಚಬಹುದು. ಬಾಡಿಯಲ್ಲಿ ಮೊದಲೇ ಇದ್ದ ಬೋಲ್ಟ್ ತೂತುಗಳಿಗೇ ಫ್ರೇಮ್ ಕಟ್ಟಿದ್ದು. ನೆಲಕ್ಕೆ ಡ್ರಿಲ್ ಹಾಕುವ ಆಸೆ ಯಾರಿಗಾದರೂ ಇದ್ದರೆ ಒಮ್ಮೆ ಗಾಡಿ ಕೆಳಗೆ ಮಲಗಿ ನೋಡಿ. ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು ಎಲ್ಲ ಅಲ್ಲೇ ಇವೆ.

ಬಿಸಿ, ಚಳಿ ತಡೆಯುವ ಇನ್ಸುಲೇಶನ್ ವಿಷಯದಲ್ಲಿ ವಿದೇಶದವರ ಕ್ಯಾಂಪರ್ ವಿಡಿಯೋಗಳನ್ನು ನೋಡಿ ದಾರಿ ತಪ್ಪಬೇಡಿ. ಅವರದು ಹಿಮ ಬೀಳುವ ಊರು, ನಮ್ಮದು 900 ಮೀಟರ್ ಎತ್ತರದ ತಂಪು ಊರು. ಇಲ್ಲಿ ಚಳಿಗಿಂತ ಮಾರ್ಚ್ ತಿಂಗಳ ಮಧ್ಯಾಹ್ನದ ಬಿಸಿ ಜಾಸ್ತಿ ಕಾಡುತ್ತದೆ. ಅದು ಬರುವುದು ಛಾವಣಿಯಿಂದ. ಛಾವಣಿಗೆ ಒಂದು ಕಡೆ ಫಾಯಿಲ್ ಇರುವ 10 ಎಂಎಂ ಎಕ್ಸ್‌ಎಲ್‌ಪಿಇ ಫೋಮ್ ಅಂಟಿಸಿ, ಅದರ ಹೊಳೆಯುವ ಮುಖ ಕೆಳಗೆ ಬರುವಂತೆ ಇಟ್ಟು, ಒಳಹೊದಿಕೆಗೂ ಅದಕ್ಕೂ ನಡುವೆ ಒಂದು ಬೆರಳು ಗಾಳಿ ಬಿಟ್ಟೆ. ಗಾಳಿ ಇಲ್ಲದೆ ಒತ್ತಿ ಮುಚ್ಚಿದರೆ ಆ ಫಾಯಿಲ್‌ನಿಂದ ಏನೂ ಲಾಭವಿಲ್ಲ. ಸುಮ್ನೆ ಹೊಳೆಯುತ್ತದೆ ಅಷ್ಟೇ. ಗ್ಲಾಸ್‌ವೂಲ್ ಬೇಡವೇ ಬೇಡ ಅಂದೆ. ರಾತ್ರಿ ಇಬ್ಬರ ಉಸಿರಿನ ತೇವವನ್ನು ಅದು ಹಿಡಿದಿಟ್ಟುಕೊಂಡರೆ ತಗಡಿಗೆ ತುಕ್ಕು.

ಕರೆಂಟಿನ ಕೆಲಸದಲ್ಲಿ ಅವಸರ ಮಾಡಲೇಬಾರದು. ಮನೆಯ ಯುಪಿಎಸ್ಸಿನ ಟ್ಯೂಬುಲರ್ ಬ್ಯಾಟರಿ ಇದೆಯಲ್ಲ, ಅದನ್ನೇ ಇಡು ಅನ್ನುವವರು ಬಹಳ ಜನ. ಅದು 50 ಕೆಜಿ ಮೇಲೆ ತೂಗುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ. ನಾನು ಹಾಕಿದ್ದು 12.8 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಹೆಚ್ಚು ಕಡಿಮೆ 1,280 ವ್ಯಾಟ್-ಅವರ್. ಫ್ಯಾನು, ಎಲ್‌ಇಡಿ, ಫೋನು, ಲ್ಯಾಪ್‌ಟಾಪಿಗೆ ಧಾರಾಳ. ಇಂಡಕ್ಷನ್ ಒಲೆಯ ಮಾತು ಮಾತ್ರ ಎತ್ತಬೇಡಿ. 2,000 ವ್ಯಾಟ್ ಎಳೆದರೆ ಅರ್ಧ ಗಂಟೆಯೊಳಗೆ ಮುಕ್ಕಾಲು ಬ್ಯಾಟರಿ ಢಮಾರ್.

ಚಾರ್ಜಿಂಗಿಗೆ, ಎಂಜಿನ್ ಓಡುವಾಗ ಕರೆಂಟ್ ಕೊಡುವ ಗಾಡಿಯ ಆಲ್ಟರ್ನೇಟರಿನಿಂದ ನೇರ ವೈರ್ ಎಳೆಯಲಿಲ್ಲ. ಲಿಥಿಯಂ ಕೊಟ್ಟಷ್ಟೂ ಎಳೆದುಕೊಳ್ಳುತ್ತದೆ, ಆಲ್ಟರ್ನೇಟರ್ ಕಾದು ಕೆಡುತ್ತದೆ. ನಡುವೆ 20 ಆಂಪ್‌ನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಅದೇ ಮಿತಿ ಹಾಕುತ್ತದೆ. ಸಕಲೇಶಪುರ ತಲುಪುವಷ್ಟರಲ್ಲಿ, ನಾಲ್ಕು ಗಂಟೆ ಓಡಿದರೂ 80 ಎಎಚ್ ಒಳಗೆ ಬಂದಿರುತ್ತದೆ. ಸೋಲಾರ್ ಹಾಕಲಿಲ್ಲ. ನಾವು ಗಾಡಿ ನಿಲ್ಲಿಸುವುದು ಮರದ ನೆರಳಲ್ಲಿ, ಅಲ್ಲಿ ಪ್ಯಾನೆಲ್ ಏನು ಮಾಡೀತು?

ವೈರಿನ ದಪ್ಪಕ್ಕೆ ಎಸ್‌ಪಿ ರಸ್ತೆಯಲ್ಲಿ ಚೌಕಾಸಿ ಮಾಡಬೇಡಿ. ಮನೆ ವೈರಿಂಗಿನ ಎರಡೂವರೆ ಸ್ಕ್ವೇರ್ ಎಂಎಂ ಲೆಕ್ಕ 12 ವೋಲ್ಟಿಗೆ ನಡೆಯಲ್ಲ. ಚಾರ್ಜರಿಗೆ ಮೂರು ಮೀಟರ್ ದೂರ, ಹೋಗಿ ಬರಲು ಆರು. 20 ಆಂಪ್ ಹರಿದರೆ ಆ ವೈರಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. 10 ಸ್ಕ್ವೇರ್ ಎಂಎಂ ತಾಮ್ರ ಹಾಕಿದರೆ 0.2 ಆಸುಪಾಸು. ಫ್ಯೂಸು ಗಾಡಿಯದು, ಲಿಥಿಯಂ ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಇರಬೇಕು, ಒಂದು ಗೇಣಿನೊಳಗೆ. ಫ್ಯೂಸಿಗೂ ಬ್ಯಾಟರಿಗೂ ನಡುವೆ ವೈರು ಉಜ್ಜಿ ಶಾರ್ಟ್ ಆದರೆ ಕಾಪಾಡುವವರು ಯಾರೂ ಇಲ್ಲ. ವೈರು ತಗಡು ದಾಟುವ ಕಡೆಯೆಲ್ಲ ರಬ್ಬರ್ ಗ್ರೊಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ಬಳೆ.

ನೀರಿಗೆ ನಮ್ಮ ಊರಿನ 20 ಲೀಟರ್ ಕ್ಯಾನೇ ಸಾಕು. ಮೇಲೆ ಯುಎಸ್‌ಬಿ ಪಂಪು. ಎಲ್ಲಿ ಬೇಕಾದರೂ ಬದಲಾಯಿಸಿ ಸಿಗುತ್ತದೆ, ಟ್ಯಾಂಕು ತೊಳೆಯುವ ರಗಳೆ ಇಲ್ಲ. ಕ್ಯಾನು ಎಡಕ್ಕಿಟ್ಟರೆ ಬ್ಯಾಟರಿ ಬಲಕ್ಕೆ, ಗಾಡಿ ವಾಲಬಾರದು. ಅಡುಗೆ ಮಾತ್ರ ಹಿಂಬಾಗಿಲು ಎತ್ತಿ ಹೊರಗೇ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ. ನಾವು ಮಲಗುವುದು ಅದರ ಒಂದಡಿ ಮೇಲೆ.

ಮುಂದಿನ ಕಿಟಕಿಗಳಿಗೆ ಮ್ಯಾಗ್ನೆಟ್ ಹೊಲಿದ ಸೊಳ್ಳೆ ಪರದೆ ಇದೆ. ಮಲಗುವಾಗ ಎರಡೂ ಗಾಜು ಒಂದಿಷ್ಟು ಕೆಳಗಿಳಿಸಿರುತ್ತೇವೆ. ಫ್ರೇಮಿಗೆ ಬೇಗ ಸಡಿಲವಾಗದ ನೈಲಾಕ್ ನಟ್ಟು ಹಾಕಿದ್ದರೂ ಹೊಸಬರು ಮೊದಲ ಓಟದ ನಂತರ ಒಂದೊಂದನ್ನೂ ಮತ್ತೆ ಬಿಗಿ ಮಾಡಿ. ನೈಸ್ ರೋಡಿಗಿಂತ ನಮ್ಮ ಒಳರಸ್ತೆಗಳಲ್ಲಿ ಓಡಿಸಿ ಪರೀಕ್ಷೆ ಮಾಡುವುದು ಒಳ್ಳೆಯದು, ಸಡಿಲ ಇರುವುದೆಲ್ಲ ಅರ್ಧ ಗಂಟೆಯಲ್ಲೇ ಸದ್ದು ಮಾಡುತ್ತದೆ.